ಗುಂಡು ಬೌಲ್, ಇಂಪೋರ್ಟೆಡ್ ಟ್ಯಾಂಕ್, ಗಾಜು ಅಂಟಿಸಿದ ಟ್ಯಾಂಕ್: ಮೂರೂ ಕೊಂಡ ಮೇಲೆ ಬರೆದದ್ದು

ಇಂಪೋರ್ಟೆಡ್ ಟ್ಯಾಂಕ್ ಅಂತ ಮೀನಿನ ಅಂಗಡಿಯವರು ಕರೆಯುತ್ತಾರಲ್ಲ, ಮುಂದಿನ ಗಾಜು ಬಾಗಿಕೊಂಡು, ಮೇಲೆ ಪ್ಲಾಸ್ಟಿಕ್ ಮುಚ್ಚಳ, ಮುಚ್ಚಳದೊಳಗೇ ಲೈಟು ಫಿಲ್ಟರು, ಕೆಳಗೆ ಬಾಗಿಲಿರುವ ಕಪಾಟಿನಂಥ ಸ್ಟ್ಯಾಂಡು, ಅದರ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ: ಬೇಡ. ಬಯಲುಸೀಮೆಯವರು ತಂದುಕೊಳ್ಳಲಿ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯವರು ಆ ಸ್ಟ್ಯಾಂಡಿನ ಸಮೇತ ತರಬೇಡಿ.

ಐದು ವರ್ಷದಲ್ಲಿ ನಾನು ಮೂರು ಟ್ಯಾಂಕ್ ಕೊಂಡಿದ್ದೇನೆ. ಒಂದು ಅಟ್ಟದ ಮೇಲಿದೆ. ಒಂದರಲ್ಲಿ ಬೆಳ್ಳುಳ್ಳಿ ಇಟ್ಟಿದ್ದೇವೆ. ಒಂದರಲ್ಲಿ ಮಾತ್ರ ಮೀನಿದೆ. ಅಂಗಡಿಗೆ ಹೋಗುವ ಮೊದಲು ಯಾರಾದರೂ ಇಷ್ಟನ್ನು ನನಗೆ ಹೇಳಿದ್ದರೆ ಹತ್ತು ಸಾವಿರ ರೂಪಾಯಿ ಉಳಿಯುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು ಶೃಂಗೇರಿಯಿಂದ. ತುಂಗೆಯ ಮೆಟ್ಟಿಲ ಮೇಲೆ ಕೂತು ಮಗಳು ಮಂಡಕ್ಕಿ ಎಸೆದಳು, ಮೊಳದುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆದವು, ಅಲ್ಲಿಂದ ಏಳಿಸುವುದೇ ಕಷ್ಟವಾಯಿತು. ಬಸ್ಸಿನಲ್ಲಿ ತೀರ್ಥಹಳ್ಳಿ ದಾಟುವವರೆಗೂ ಒಂದೇ ರಾಗ, ನಮ್ಮ ಮನೆಗೂ ಮೀನು ಬೇಕು. ಹುಟ್ಟುಹಬ್ಬಕ್ಕೆ ಗುಂಡು ಬೌಲ್ ಬಂತು. 350 ರೂಪಾಯಿ, ಎರಡು ಗೋಲ್ಡ್ ಫಿಶ್, ಒಂದು ಡಬ್ಬಿ ಆಹಾರ, ನೀಲಿ ಬಣ್ಣದ ಕಲ್ಲು.

"ಎರಡು ದಿನಕ್ಕೊಮ್ಮೆ ಪೂರ್ತಿ ನೀರು ಬದಲಿಸಿ ಮೇಡಂ, ಮತ್ತೇನೂ ಬೇಡ" ಅಂದರು ಅಂಗಡಿಯವರು. ಹಾಗೇ ಮಾಡಿದೆ. ಆರನೇ ದಿನ ಒಂದು ಹೋಯಿತು, ಒಂಬತ್ತನೇ ದಿನ ಇನ್ನೊಂದು. ಮಗಳು ಅತ್ತಳು, ನಾನು ಇನ್ನೆರಡು ತಂದೆ, ಅವೂ ಹೋದವು. ನಮ್ಮ ಕೈಗುಣ ಸರಿಯಿಲ್ಲ ಅಂದುಕೊಂಡೆ. ಕೈಗುಣ ಅಲ್ಲ, ಬೌಲಿನ ಗುಣ.

ಅದರಲ್ಲಿ ಹಿಡಿಯುವುದು ನಾಲ್ಕು ಲೀಟರ್ ನೀರು. ಮೀನಿನ ಉಸಿರು, ಹಿಕ್ಕೆ, ತಿನ್ನದೆ ಉಳಿದ ಕಾಳು ಎಲ್ಲ ಸೇರಿ ನೀರಿನಲ್ಲಿ ಅಮೋನಿಯಾ ಆಗುತ್ತದೆ. ನಾಲ್ಕು ಲೀಟರಿನಲ್ಲಿ ಅದು ವಿಷದ ಮಟ್ಟಕ್ಕೆ ಏರಲು ಜಾಸ್ತಿ ಹೊತ್ತು ಬೇಡ. ಬಾಯಿ ಕಿರಿದು, ಆದ್ದರಿಂದ ಗಾಳಿ ಬೆರೆಯುವುದೂ ಕಡಿಮೆ. ಗೋಲ್ಡ್ ಫಿಶ್ ಅಂದರೆ ಸಣ್ಣ ಮೀನು ಅಂದುಕೊಂಡಿದ್ದೆ. ಸರಿಯಾಗಿ ಸಾಕಿದರೆ ಅಂಗೈಗಿಂತ ದೊಡ್ಡದಾಗುತ್ತದಂತೆ, ಹತ್ತು ವರ್ಷ ಬದುಕುತ್ತದಂತೆ. ಹೊಟ್ಟೆಬಾಕ ಬೇರೆ, ಗಲೀಜೂ ಜಾಸ್ತಿ. ಬೌಲಿನಲ್ಲಿ ಬೆಟ್ಟಾ ಮೀನು ಬಿಡಿ ಅಂತಲೂ ಹೇಳುತ್ತಾರೆ. ಬೆಟ್ಟಾ ಮೇಲೆ ಬಂದು ನೇರ ಗಾಳಿ ಕುಡಿಯಬಲ್ಲದು, ಅದಕ್ಕೇ ಬೌಲಿನಲ್ಲೂ ಸಾಯದೆ ಉಳಿಯುತ್ತದೆ. ಸಾಯದೇ ಇರುವುದೇ ಸುಖವಾ? ಅದಕ್ಕೂ ಹದಿನೈದು ಲೀಟರಿನ ಚಿಕ್ಕ ಚೌಕ ಟ್ಯಾಂಕ್ ಕೊಡಿ, ರೆಕ್ಕೆ ಬಿಚ್ಚಿಕೊಂಡು ಓಡಾಡುವುದನ್ನು ನೋಡಿ, ಬೇರೆಯೇ ಮೀನು ಅನಿಸುತ್ತದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾವ ಟ್ಯಾಂಕ್ ತಂದರೂ ಇದು ತಪ್ಪುವುದಿಲ್ಲ. ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ಇದೆ. ಅದು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತದೆ, ಅದು ಸ್ವಲ್ಪ ಇದ್ದರೆ ಮೀನಿಗೆ ತೊಂದರೆ ಇಲ್ಲ. ಇವು ಫಿಲ್ಟರಿನ ಸ್ಪಂಜು, ಕಲ್ಲು, ಮರಳಿನ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಮೊಸರಿನ ಹಾಗೆಯೇ ಇದು. ಹೆಪ್ಪು ಹಾಕದೆ ಹಾಲಿಟ್ಟುಕೊಂಡು ಕಾದರೆ ಏನಾಗುತ್ತದೆ ಗೊತ್ತಲ್ಲ. ಪರಿಚಯದವರ ಮನೆಯಲ್ಲಿ ಆರೋಗ್ಯವಾಗಿರುವ ಹಳೇ ಟ್ಯಾಂಕ್ ಇದ್ದರೆ ಅವರ ಫಿಲ್ಟರಿನಿಂದ ಒಂದು ತುಂಡು ಸ್ಪಂಜು ಬೇಡಿ ತಂದು ನಿಮ್ಮದರಲ್ಲಿ ಹಾಕಿ, ಅದೇ ಹೆಪ್ಪು. ಎರಡು ದಿನಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ, ಕಲ್ಲನ್ನೂ ನಲ್ಲಿ ಕೆಳಗೆ ತಿಕ್ಕಿ ತೊಳೆಯುತ್ತಿದ್ದ ನಾನು ಪಾತ್ರೆಗೆ ಅಂಟಿದ ಹೆಪ್ಪನ್ನೂ ಬಿಡದೆ ತೊಳೆದು ಹಾಕುತ್ತಿದ್ದೆ.

ದೊಡ್ಡ ಟ್ಯಾಂಕ್ ಅಂದರೆ ದೊಡ್ಡ ರಗಳೆ ಅಂತ ಎಲ್ಲರೂ ಹೆದರುತ್ತಾರೆ. ನಿಜ ಉಲ್ಟಾ. ನೀರು ಜಾಸ್ತಿ ಇದ್ದಷ್ಟೂ ನಿಮ್ಮ ತಪ್ಪು ನಿಧಾನವಾಗಿ ಮೀನನ್ನು ಮುಟ್ಟುತ್ತದೆ, ಸರಿಮಾಡಲು ಒಂದು ದಿನ ಸಿಗುತ್ತದೆ. ಮೊದಲ ಸಲ ಸಾಕುವವರಿಗೆ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ್ದು ಕನಿಷ್ಠ. ತುಂಬಿದರೆ 56 ಲೀಟರ್ ಆಗುತ್ತದೆ.

ಇದೆಲ್ಲ ಓದಿಕೊಂಡು ಎರಡನೇ ಸಲ ಅದೇ ಅಂಗಡಿಗೆ ಹೋದೆ. ಬುದ್ಧಿ ಅರ್ಧ ಬಂದಿತ್ತು. ಅಲ್ಲೇ ಕಣ್ಣಿಗೆ ಬಿದ್ದದ್ದು ಇಂಪೋರ್ಟೆಡ್ ಟ್ಯಾಂಕ್, ಕಪ್ಪು ಬಣ್ಣ, ನೀಲಿ ಲೈಟು. ಸ್ಟ್ಯಾಂಡ್ ಸೇರಿ 6,800 ರೂಪಾಯಿ ಕೊಟ್ಟೆ. ಜನವರಿ ತಿಂಗಳು ಅದು. ಮನೆಗೆ ಬಂದವರೆಲ್ಲ "ಎಷ್ಟಾಯ್ತು, ಎಲ್ಲಿ ಸಿಕ್ತು" ಅಂತ ಕೇಳುವವರೇ. ಒಳ್ಳೆಯದನ್ನೂ ಹೇಳಬೇಕಲ್ಲ: ನೋಡಲು ಚೆಂದ, ಮೂಲೆಯಲ್ಲಿ ಸಿಲಿಕಾನ್ ಗೆರೆ ಕಾಣುವುದಿಲ್ಲ, ಮುಚ್ಚಳ ಇರುವುದರಿಂದ ಮೀನು ಹಾರಿ ನೆಲಕ್ಕೆ ಬೀಳುವುದಿಲ್ಲ, ಅರ್ಧ ಗಂಟೆಯಲ್ಲಿ ಜೋಡಿಸಿ ಮುಗಿಯುತ್ತದೆ.

ಆಮೇಲೆ ಜೂನ್ ಬಂತು. ನಮ್ಮ ಕಡೆ ಮಳೆಗಾಲ ಅಂದರೆ ಗೊತ್ತಲ್ಲ, ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಸ್ಟು, ಒಣಗಿದ ಬಟ್ಟೆಗೂ ಮುಗ್ಗಲು ವಾಸನೆ. ಆ ಸ್ಟ್ಯಾಂಡು ಮರದ ಪುಡಿ ಒತ್ತಿ ಮಾಡಿದ ಹಲಗೆ. ನೀರು ಬದಲಿಸುವಾಗ ಸಿಡಿದ ಹನಿ, ಟ್ಯಾಂಕಿನ ಗಾಜಿನ ಹೊರಮೈಯಿಂದ ಇಳಿದ ತೇವ, ಮೇಲಿಂದ ಮೂರು ತಿಂಗಳ ಥಂಡಿ ಗಾಳಿ. ಮೊದಲು ಅಂಚಿನ ಪಟ್ಟಿ ಎದ್ದಿತು. ಆಮೇಲೆ ಹಲಗೆ ನೆನೆದ ಅವಲಕ್ಕಿಯ ಹಾಗೆ ಉಬ್ಬಿತು. ಬಾಗಿಲು ಹಾಕಲು ಬರುತ್ತಿರಲಿಲ್ಲ. ಆಗಸ್ಟ್ ಹೊತ್ತಿಗೆ ಟ್ಯಾಂಕು ಒಂದು ಕಡೆ ವಾಲಿದ್ದು ಬರಿಗಣ್ಣಿಗೇ ಕಾಣುತ್ತಿತ್ತು, ನೀರಿನ ಮಟ್ಟ ಎಡಕ್ಕೆ ಒಂದು ಬೆರಳು ಮೇಲೆ. ಅಂಗಡಿಯವರಿಗೆ ಫೋಟೋ ಕಳಿಸಿದೆ. ನೀರು ತಾಗಿಸಬಾರದಿತ್ತು ಮೇಡಂ ಅಂತ ಉತ್ತರ ಬಂತು. ಮೀನಿನ ಟ್ಯಾಂಕಿನ ಸ್ಟ್ಯಾಂಡಿಗೆ ನೀರು ತಾಗಬಾರದು! ಅದನ್ನು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಷ್ಟೇ ಆಗಿದ್ದರೆ ಸ್ಟ್ಯಾಂಡ್ ಬದಲಿಸುತ್ತಿದ್ದೆ. ಮುಚ್ಚಳದ ಫಿಲ್ಟರಿನ ಚಿಕ್ಕ ಮೋಟಾರ್ ವರ್ಷದೊಳಗೆ ನಿಂತಿತು. ಅದೇ ಅಳತೆಯ ಇನ್ನೊಂದು ಶಿವಮೊಗ್ಗದಲ್ಲಿ ನನಗೆ ಸಿಗಲಿಲ್ಲ, ಬೇರೆಯದನ್ನು ಹಾಕಿದರೆ ಮುಚ್ಚಳ ಕೂರುವುದಿಲ್ಲ. ಬಾಗಿದ ಗಾಜಿನ ಮೂಲೆಯಲ್ಲಿ ಮೀನು ಒಮ್ಮೆ ಉದ್ದ, ಒಮ್ಮೆ ಗಿಡ್ಡ ಕಾಣುತ್ತದೆ, ಮೊದಲು ಮಜ ಅನಿಸಿತು, ಆಮೇಲೆ ತಲೆನೋವು. ಏಪ್ರಿಲ್‌ನಲ್ಲಿ ಮುಚ್ಚಿದ ಮುಚ್ಚಳದೊಳಗೆ ಲೈಟಿನ ಬಿಸಿಯೂ ಸೇರಿ ನೀರು 31 ಡಿಗ್ರಿ ಮುಟ್ಟಿತ್ತು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಅದೀಗ ಅಟ್ಟದ ಮೇಲಿದೆ. ಬೇಕಾದವರು ಬಂದು ಸುಮ್ನೆ ಒಯ್ಯಬಹುದು.

ಮೂರನೆಯದು ಆಫೀಸಿಗೆ. ನನ್ನದು ತೆರಿಗೆ ಲೆಕ್ಕಪತ್ರದ ಚಿಕ್ಕ ಆಫೀಸು, ಶಿವಮೊಗ್ಗದ ದುರ್ಗಿಗುಡಿಯಲ್ಲಿ. ಜುಲೈನಲ್ಲಿ ರಿಟರ್ನ್ಸ್ ಗದ್ದಲ ಶುರುವಾದರೆ ಜನ ಗಂಟೆಗಟ್ಟಲೆ ಕಾಯುತ್ತಾರೆ, ಗೊಣಗುತ್ತಾರೆ. ಅವರ ಕಣ್ಣಿಗೆ ಏನಾದರೂ ಇರಲಿ ಅನಿಸಿತು. ಈ ಸಲ ಮೀನಿನ ಅಂಗಡಿಗೆ ಹೋಗಲಿಲ್ಲ, ಗಾಜಿನ ಅಂಗಡಿಗೆ ಹೋದೆ. ಕಿಟಕಿ, ಶೋಕೇಸಿಗೆ ಗಾಜು ಕತ್ತರಿಸುವ ವಯಸ್ಸಾದವರು, ಟ್ಯಾಂಕನ್ನೂ ಮಾಡಿಕೊಡುತ್ತಾರೆ.

"ಮೊದಲು ಎಲ್ಲಿ ಇಡ್ತೀಯಮ್ಮಾ, ಅದನ್ನ ಹೇಳು" ಅಂದರು. ಇಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯ.

ಮೂರು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂವರೆ ಅಡಿ ಎತ್ತರ ಅಂತ ನಿಶ್ಚಯವಾಯಿತು. ನಾನು ಎರಡು ಅಡಿ ಎತ್ತರ ಕೇಳಿದ್ದೆ, ಅವರು ಒಪ್ಪಲಿಲ್ಲ. ಎತ್ತರ ಏರಿದಷ್ಟೂ ಕೆಳಗಿನ ಗಾಜಿನ ಮೇಲೆ ಒತ್ತಡ ಜಾಸ್ತಿ, ಗಾಜು ದಪ್ಪ ಬೇಕು, ನಿನ್ನ ಕೈ ತಳ ಮುಟ್ಟುವುದಿಲ್ಲ, ತೊಳೆಯುವುದು ಹೇಗೆ ಅಂದರು. ಕೈ ಹಾಕಿ ನೋಡಿದೆ, ನಿಜವೇ. ಮೀನಿಗೂ ಎತ್ತರಕ್ಕಿಂತ ಉದ್ದ ಅಗಲ ಮುಖ್ಯ, ಅದು ಈಜುವುದು ಅಡ್ಡಕ್ಕೆ. 8 ಎಂಎಂ ಗಾಜು ಹಾಕಿದರು. ಅಂಟಿಸಿದ ಸಿಲಿಕಾನ್ ವಿನಿಗರಿನ ಹಾಗೆ ವಾಸನೆ ಹೊಡೆಯುತ್ತದೆ, ಆ ವಾಸನೆ ಪೂರ್ತಿ ಹೋಗುವವರೆಗೆ ಮುಟ್ಟಬೇಡ ಅಂದರು. ಒಂದು ವಾರ ಬಿಟ್ಟು ಅಂಗಡಿ ಮುಂದೆಯೇ ನೀರು ತುಂಬಿಸಿ, ಮೂಲೆಗೆಲ್ಲ ಹಳೇ ಪೇಪರ್ ಇಟ್ಟು ಎರಡು ದಿನ ನೋಡಿದರು. ಪೇಪರ್ ಒದ್ದೆಯಾಗಲಿಲ್ಲ. ಟ್ಯಾಂಕಿಗೆ 4,200 ರೂಪಾಯಿ, ಬೆಸುಗೆ ಹಾಕುವವರ ಹತ್ತಿರ ಮಾಡಿಸಿದ ಕಬ್ಬಿಣದ ಸ್ಟ್ಯಾಂಡಿಗೆ 3,600. ಕಬ್ಬಿಣಕ್ಕೆ ರೆಡ್ ಆಕ್ಸೈಡ್ ಬಳಿದು ಮೇಲೆ ಎರಡು ಕೋಟ್ ಪೇಂಟ್. ಎರಡು ಮಳೆಗಾಲ ಕಳೆದಿದೆ, ಒಂದು ಕಾಲಿನ ಬುಡದಲ್ಲಿ ಸ್ವಲ್ಪ ತುಕ್ಕು ಕಂಡಿದೆ, ಉಜ್ಜಿ ಮತ್ತೆ ಬಳಿಯಬೇಕು. ಉಬ್ಬುವ ಭಯ ಅಂತೂ ಇಲ್ಲ.

ಅವರ ಕೆಲಸದಲ್ಲಿ ತಪ್ಪೇ ಇಲ್ಲ ಅಂತಲ್ಲ. ಹೇಳಿದ ದಿನಕ್ಕಿಂತ ಹನ್ನೆರಡು ದಿನ ತಡ. ಒಳಗಿನ ಸಿಲಿಕಾನ್ ಗೆರೆ ಒಂದು ಮೂಲೆಯಲ್ಲಿ ದಪ್ಪ, ಒಂದು ಮೂಲೆಯಲ್ಲಿ ತೆಳು. ಬೆಂಗಳೂರಿನ ಅಂಗಡಿಗಳಲ್ಲಿ ಸಿಗುವ ಅಂಚು ಮಿನುಗುವ ಟ್ಯಾಂಕಿನ ನಯ ಇದಕ್ಕಿಲ್ಲ. ನನಗೆ ಪರವಾಗಿಲ್ಲ.

ತೂಕದ ಮಾತು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಒಂದು ಲೀಟರ್ ನೀರು ಒಂದು ಕೆಜಿ. ಈ ಟ್ಯಾಂಕಿನಲ್ಲಿ ನೀರೇ 150 ಕೆಜಿ, ಗಾಜು 30 ಕೆಜಿ, ಮರಳು ಕಲ್ಲು ಸೇರಿದರೆ 200 ಕೆಜಿ. ಅಂದರೆ ಎರಡು ಕ್ವಿಂಟಾಲ್ ಅಡಿಕೆಯನ್ನು ಮೂರು ಅಡಿ ಜಾಗದಲ್ಲಿ ಇಟ್ಟು ಎತ್ತದೇ ಬಿಟ್ಟ ಹಾಗೆ. ಆರ್‌ಸಿಸಿ ನೆಲದಲ್ಲಿ ಗೋಡೆ ಬದಿಗೆ ಇಡಬಹುದು. ಹಳೇ ತೊಟ್ಟಿಮನೆಯ ಉಪ್ಪರಿಗೆಯಲ್ಲಿ, ಮರದ ಹಲಗೆಯ ಮೇಲೆ, ಖಂಡಿತಾ ಬೇಡ. ಟಿವಿ ಸ್ಟ್ಯಾಂಡ್ ಮೇಲೂ ಬೇಡ. ಟ್ಯಾಂಕಿನ ಕೆಳಗೆ ಥರ್ಮೋಕೋಲ್ ಹಾಳೆ ಹಾಸಿ, ಇಲ್ಲದಿದ್ದರೆ ಒಂದು ಸಣ್ಣ ಕಲ್ಲಿನ ಚೂರು ಸಿಕ್ಕಿಕೊಂಡರೂ ತಳದ ಗಾಜು ಬಿರುಕು ಬಿಡುತ್ತದೆ. ಕಿಟಕಿ ಬಿಸಿಲು ನೇರ ಬೀಳುವಲ್ಲಿಯೂ ಇಡಬೇಡಿ, ತಿಂಗಳೊಳಗೆ ಪಾಚಿ ಹಿಡಿದು ಮೀನು ಹುಡುಕಬೇಕಾಗುತ್ತದೆ.

ಇನ್ನು ನೀರು. ಗಂಗಾ ಸ್ನಾನ ತುಂಗಾ ಪಾನ ಅಂತ ನಮ್ಮವರು ಬೀಗುವುದು ಸುಳ್ಳಲ್ಲ, ತುಂಗೆಯ ನೀರು ಮೀನಿಗೂ ಹಿತ. ನಲ್ಲಿ ನೀರು ಮೆದು, ಅಂದರೆ ಕರಗಿದ ಲವಣ ಕಡಿಮೆ. ಆ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿದಾಗ ಆಫೀಸಿನ ನಲ್ಲಿಯಲ್ಲಿ 100ರ ಒಳಗೆ ಬಂತು, ಮನೆಯ ಬೋರ್ ನೀರಿನಲ್ಲಿ 400 ದಾಟಿತು. ಮೆದು ನೀರಿಗೆ ನಿಯಾನ್ ಟೆಟ್ರಾ, ರಾಸ್ಬೋರಾ, ಏಂಜೆಲ್ ಚೆನ್ನಾಗಿ ಒಗ್ಗುತ್ತವೆ. ಗಡಸು ನೀರಿಗೆ ಗಪ್ಪಿ, ಮೋಲಿ, ಪ್ಲಾಟಿ. ಇಷ್ಟಪಟ್ಟ ಮೀನು ತಂದು ನೀರನ್ನು ಅದಕ್ಕೆ ಹೊಂದಿಸುವುದಕ್ಕಿಂತ, ಇರುವ ನೀರಿಗೆ ಹೊಂದುವ ಮೀನು ತರುವುದೇ ಸಲೀಸು. ಮನೆಯಲ್ಲಿ ಗಪ್ಪಿ, ಆಫೀಸಿನಲ್ಲಿ ಟೆಟ್ರಾ ಅಂತ ನಾನು ಮೊದಲೇ ಅರ್ಥಮಾಡಿಕೊಂಡಿದ್ದರೆ ಎಷ್ಟೋ ಮೀನು ಉಳಿಯುತ್ತಿತ್ತು. ಒಂದೇ ಎಚ್ಚರ, ನಲ್ಲಿ ನೀರಿನ ಕ್ಲೋರಿನ್. ಮಳೆಗಾಲದಲ್ಲಿ ವಾಸನೆ ಜಾಸ್ತಿಯೇ ಬರುತ್ತದೆ. ಒಂದು ದಿನ ಬಕೆಟ್‌ನಲ್ಲಿ ಬಾಯಿ ತೆರೆದು ಇಡಿ, ಇಲ್ಲವೇ ಆ್ಯಂಟಿ ಕ್ಲೋರಿನ್ ಹನಿ ಹಾಕಿ. ಕ್ಲೋರಿನ್ ಮೀನಿನ ಕಿವಿರು ಸುಡುವುದಷ್ಟೇ ಅಲ್ಲ, ಮೇಲೆ ಹೇಳಿದ ಹೆಪ್ಪನ್ನೂ ಕೊಲ್ಲುತ್ತದೆ. ಫಿಲ್ಟರಿನ ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ, ನಲ್ಲಿ ಕೆಳಗೆ ಹಿಡಿಯಬೇಡಿ.

ಹೀಟರ್ ಬೇಕಾ ಅಂತ ಸುಮಾರು ಜನ ಕೇಳುತ್ತಾರೆ. ಬೆಟ್ಟದ ಮೇಲಿನವರಿಗೆ ಬೇಕು. ಶಿವಮೊಗ್ಗದಲ್ಲೂ ಡಿಸೆಂಬರ್ ರಾತ್ರಿ ನನ್ನ ಟ್ಯಾಂಕು 20 ಡಿಗ್ರಿಗೆ ಇಳಿದಿತ್ತು, ಟೆಟ್ರಾ ಏಂಜೆಲ್‌ಗಳಿಗೆ 24ರಿಂದ 26 ಇದ್ದರೆ ಸುಖ. ಲೀಟರಿಗೆ ಒಂದು ವ್ಯಾಟ್ ಲೆಕ್ಕ ಹಿಡಿಯಿರಿ. ನೀರು ಬದಲಿಸುವ ಮೊದಲು ಹೀಟರಿನ ಸ್ವಿಚ್ ತೆಗೆಯಿರಿ, ಬಿಸಿ ಗಾಜು ನೀರಿನಿಂದ ಹೊರಗೆ ಬಂದರೆ ಟಪ್ ಅಂತ ಒಡೆಯುತ್ತದೆ. ನನ್ನದು ಒಡೆದಿದೆ. ಅದಕ್ಕಿಂತ ದೊಡ್ಡ ಸಮಸ್ಯೆ ಕರೆಂಟು. ಗಾಳಿ ಮಳೆಗೆ ಒಂದು ಮರ ಲೈನಿನ ಮೇಲೆ ಬಿದ್ದರೆ ಹಳ್ಳಿ ಕಡೆ ಎರಡು ದಿನ ಕತ್ತಲು. ಫಿಲ್ಟರ್ ತಿನ್ನುವುದು ಐದು ಹತ್ತು ವ್ಯಾಟ್ ಅಷ್ಟೇ, ಮನೆಯ ಇನ್ವರ್ಟರಿಗೆ ಅದೊಂದು ಲೆಕ್ಕವಲ್ಲ, ಫಿಲ್ಟರಿನ ಪ್ಲಗ್ ಮಾತ್ರ ಆ ಲೈನಿಗೆ ಕೊಡಿಸಿ, ಹೀಟರ್ ಬೇಡ. ಇನ್ವರ್ಟರ್ ಇಲ್ಲದವರು ಬ್ಯಾಟರಿಯ ಚಿಕ್ಕ ಗಾಳಿ ಪಂಪ್ ಇಟ್ಟುಕೊಳ್ಳಿ.

ಆಫೀಸಿಗೆ ಟ್ಯಾಂಕ್ ಹುಡುಕುವವರು ಗೋಡೆಗೆ ನೇತುಹಾಕುವುದನ್ನು ನೋಡಿ ಮರುಳಾಗುತ್ತಾರೆ, ನಾನೂ ಆಗಿದ್ದೆ. ಫೋಟೋ ಚೌಕಟ್ಟಿನ ಹಾಗೆ ಇರುತ್ತದೆ, ಅಗಲ ಒಂದು ಗೇಣೂ ಇರುವುದಿಲ್ಲ. ಅದರಲ್ಲಿ ಮೀನು ತಿರುಗುವುದಕ್ಕೇ ಜಾಗವಿಲ್ಲ, ತೊಳೆಯುವುದಕ್ಕೆ ಕೈಯೂ ಹೋಗುವುದಿಲ್ಲ. ಸಮುದ್ರದ ಮೀನಿನ ಟ್ಯಾಂಕ್ ಬಗ್ಗೆ ಆಸೆ ಇದ್ದವರು ಲೀಟರಿಗೆ 35 ಗ್ರಾಂ ಉಪ್ಪಿನ ಲೆಕ್ಕದಲ್ಲಿ ನೀರು ಬೆರೆಸಿಕೊಂಡು, ದಿನಾ ಅಳೆದುಕೊಂಡು ಕೂರಬೇಕು, ಏನಾದರೂ ಕೆಟ್ಟರೆ ಬೆಂಗಳೂರಿಗೆ ಓಡಬೇಕು. ನಮಗಲ್ಲ ಅದು. ಅಕ್ರಿಲಿಕ್ ಹಗುರ, ಬೇಗ ಒಡೆಯುವುದಿಲ್ಲ, ಮಕ್ಕಳ ಕ್ಲಿನಿಕ್ಕಿಗೆ ಒಳ್ಳೆಯದು. ಆದರೆ ಪಾಚಿ ಉಜ್ಜುವಾಗ ಒಂದು ಮರಳಿನ ಕಣ ಸಿಕ್ಕರೂ ಗೀರು ಬೀಳುತ್ತದೆ, ಬೆಲೆಯೂ ಜಾಸ್ತಿ.

ನಮ್ಮ ಭಾವ ಅರೋವಾನಾ ತಗೋ, ಆಫೀಸಿಗೆ ಲಕ್ಷ್ಮಿ ಬರುತ್ತಾಳೆ ಅಂದರು. ಸಿಲ್ವರ್ ಅರೋವಾನಾ ಮೂರು ಅಡಿ ಹತ್ತಿರ ಬೆಳೆಯುವ ಮೀನು, ನನ್ನ ಟ್ಯಾಂಕಿನ ಉದ್ದವೇ ಮೂರು ಅಡಿ. ಟ್ಯಾಂಕ್ ಎಷ್ಟಿದೆಯೋ ಅಷ್ಟೇ ಬೆಳೆಯುತ್ತದೆ ಅನ್ನುವುದು ಅಂಗಡಿಯ ಮಾತು, ಬೆಳೆಯದೆ ಕುಗ್ಗಿ ಸಾಯುತ್ತದೆ ಅನ್ನುವುದು ನಿಜ. ಟ್ಯಾಂಕ್ ಕ್ಲೀನ್ ಮಾಡುತ್ತದೆ ಅಂತ ಎರಡು ಇಂಚಿನ ಸಕ್ಕರ್ ಮೀನನ್ನು ಕೊಡುತ್ತಾರಲ್ಲ, ಅದೂ ಹಾಗೇ, ಒಂದು ಅಡಿ ದಾಟುತ್ತದೆ. ದೊಡ್ಡದಾಯಿತು ಅಂತ ತುಂಗೆಗೋ ಊರ ಕೆರೆಗೋ ಬಿಡುವ ಪುಣ್ಯಾತ್ಮರಿದ್ದಾರೆ. ದಯವಿಟ್ಟು ಬೇಡ. ಅದು ದಕ್ಷಿಣ ಅಮೆರಿಕದ ಮೀನು, ಇಲ್ಲಿ ಬದುಕಿಕೊಂಡು ನಮ್ಮ ಮೀನಿನ ಜಾಗ, ಆಹಾರ ಎರಡನ್ನೂ ತಿನ್ನುತ್ತದೆ. ಅಂಗಡಿಗೆ ವಾಪಸ್ ಕೊಡಿ, ದುಡ್ಡು ಕೇಳಬೇಡಿ.

ಆಫೀಸಿನಲ್ಲಿ ನನಗೆ ಎದುರಾದ ದೊಡ್ಡ ತೊಂದರೆ ಟ್ಯಾಂಕಿನದಲ್ಲ, ಪ್ರೀತಿಯದು. ಎಲ್ಲರೂ ಆಹಾರ ಹಾಕುವವರೇ. ಬೆಳಿಗ್ಗೆ ಬಾಗಿಲು ತೆಗೆಯುವ ಹುಡುಗ ಒಂದು ಚಿಟಿಕೆ, ಹತ್ತು ಗಂಟೆಗೆ ಅಕೌಂಟೆಂಟ್ ಒಂದು ಚಿಟಿಕೆ, ಕಾಯುತ್ತಾ ಕೂತ ಅಡಿಕೆ ವ್ಯಾಪಾರಿಯೊಬ್ಬರು ಬಿಸ್ಕತ್ ಚೂರು. ನೀರು ಬದಲಿಸುವುದು ಮಾತ್ರ ನನ್ನ ಪಾಲಿಗೆ. ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ ಮೇಲೆಯೇ ನೀರು ತಿಳಿಯಾದದ್ದು. ಭಾನುವಾರ, ಹಬ್ಬದ ರಜೆ ಅಂತ ಎರಡು ಮೂರು ದಿನ ಬೆಳೆದ ಮೀನು ಉಪವಾಸ ಇದ್ದರೆ ಏನೂ ಆಗುವುದಿಲ್ಲ. ಶನಿವಾರ ಸಂಜೆ ಪೈಪ್ ಹಾಕಿ ಕಾಲು ಭಾಗ ನೀರು ತೆಗೆದು ಹೊಸದು ತುಂಬುತ್ತೇನೆ, ನಲವತ್ತು ನಿಮಿಷದ ಕೆಲಸ. ಆ ನಲವತ್ತು ನಿಮಿಷ ನಿಮ್ಮ ಆಫೀಸಿನಲ್ಲಿ ಯಾರದು ಅಂತ ಹೆಸರು ಹೇಳಲು ಆಗದಿದ್ದರೆ ಟ್ಯಾಂಕ್ ಬದಲು ಎರಡು ಹೂವಿನ ಕುಂಡ ಇಡಿ.

ಇಷ್ಟೆಲ್ಲ ಬರೆದೆ, ಒಂದು ಟ್ಯಾಂಕಿನ ವಿಷಯ ಬಿಟ್ಟುಹೋಯಿತು. ತೀರ್ಥಹಳ್ಳಿ ಹತ್ತಿರ ಅಪ್ಪನ ಮನೆಯಲ್ಲಿ ಕೊಟ್ಟಿಗೆ ಪಕ್ಕ ಒಂದು ಹಳೇ ಕಲ್ಲಿನ ಬಾನಿ ಇದೆ, ಹಿಂದೆ ದನಕ್ಕೆ ನೀರಿಡುತ್ತಿದ್ದದ್ದು. ದನ ಈಗಿಲ್ಲ. ಸೊಳ್ಳೆ ಮರಿ ಆಗುತ್ತದೆ ಅಂತ ನಾನೇ ಕೊಟ್ಟ ಆರು ಗಪ್ಪಿಯನ್ನು ಅಪ್ಪ ಅದರಲ್ಲಿ ಬಿಟ್ಟರು, ತೋಟದ ಕೆರೆಯಿಂದ ಒಂದು ಹಿಡಿ ಜೊಂಡು ತಂದು ಹಾಕಿದರು. ಫಿಲ್ಟರ್ ಇಲ್ಲ, ಹೀಟರ್ ಇಲ್ಲ, ಆಹಾರದ ಡಬ್ಬಿ ಇಲ್ಲ. ಮಳೆಗಾಲದಲ್ಲಿ ಬಾನಿ ತುಂಬಿ ಹರಿಯುತ್ತದೆ ಅಂತ ಮೇಲೆ ಹಳೇ ಸೊಳ್ಳೆಪರದೆಯ ತುಂಡು ಕಟ್ಟಿದ್ದಾರೆ, ಅಷ್ಟೇ. ಕಳೆದ ದೀಪಾವಳಿಗೆ ಹೋದಾಗ ಮಗಳು ಎಣಿಸಲು ಕೂತಳು. ಅರವತ್ತರವರೆಗೆ ಎಣಿಸಿ ತಪ್ಪಿದಳು.

"ಅಜ್ಜ, ಇದಕ್ಕೆ ಎಷ್ಟು ದುಡ್ಡು ಕೊಟ್ಟೆ?"

"ಅದನ್ನ ನಿನ್ನ ಅಮ್ಮನ ಹತ್ರ ಕೇಳು ಪುಟ್ಟಿ" ಅಂದರು ಅಪ್ಪ. "ಅವಳ ಲೆಕ್ಕಕ್ಕೆ ಬರೆದಿದ್ದೀನಿ."